ಬೀಗದ ಕೈ ಯಾರ ಕೈಯಲ್ಲಿ?



ನಮ್ಮ ಗಡಿನಾಡಿನ ಹೆಣ್ಣುಮಗಳೊಬ್ಬಳು ಹೊರದೇಶಕ್ಕೆ ಹೊರಟು ನಿಂತಳೆಂದರೆ ಬುದ್ಧಿವಾದಕ್ಕೆ ಬರವಿಲ್ಲ. ರಾತ್ರಿ ಹೊರಗೆ ಹೋಗಬೇಡ, ಗುರುತಿಲ್ಲದವರೊಡನೆ ಮಾತಾಡಬೇಡ, ಅಗ್ಗದ ಜಾಗದಲ್ಲಿ ಇಳಿಯಬೇಡ, ಮೈತುಂಬ ಬಟ್ಟೆ ಹಾಕು, ಪ್ರಾರ್ಥನೆ ಮರೆಯಬೇಡ. ನೆರೆಮನೆಯವರು ಹೇಳುತ್ತಾರೆ, ಸಭೆಯ ಹಿರಿಯರು ಹೇಳುತ್ತಾರೆ, ವೀಸಾ ಮಾಡಿಸಿಕೊಡುವ ಏಜಂಟನೂ ಹೇಳುತ್ತಾನೆ. ಆದರೆ ವಿಮಾನ ಇಳಿದ ಮೊದಲ ರಾತ್ರಿ ಅವಳು ಎಲ್ಲಿ ಮಲಗಬೇಕು, ಅದಕ್ಕೆ ಎಷ್ಟು ಹಣ ಬೇಕು, ಆ ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿದರೆ ಎಲ್ಲರೂ ಮೌನ. ಬುದ್ಧಿ ಪುಕ್ಕಟೆ, ಹಾಸಿಗೆಗೆ ಬೆಲೆ ಇದೆ. ಪುಕ್ಕಟೆಯದನ್ನು ಕೊಟ್ಟು ಕೈತೊಳೆದುಕೊಳ್ಳುವ ಈ ಪದ್ಧತಿಯ ವಿರುದ್ಧ ನಾವು ಇಲ್ಲಿ ಬರೆಯುತ್ತಿದ್ದೇವೆ.

ಇದು ಸಿರಿವಂತರ ಮಕ್ಕಳ ಪ್ರವಾಸದ ಮಾತು, ದುಡಿಯುವವರ ಪತ್ರಿಕೆಗೆ ಇದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಅವರು ಸುತ್ತ ನೋಡಲಿ. ಕೇರಳದ ನೋರ್ಕಾ ರೂಟ್ಸ್ ಸಂಸ್ಥೆ ಜರ್ಮನಿಯ ಕೇಂದ್ರ ಉದ್ಯೋಗ ಸಂಸ್ಥೆಯೊಡನೆ 2021ರ ಡಿಸೆಂಬರಿನಲ್ಲಿ ನರ್ಸುಗಳನ್ನು ಕಳುಹಿಸುವ ಒಪ್ಪಂದ ಮಾಡಿಕೊಂಡಿತು. ಕಾಸರಗೋಡು, ವಯನಾಡುಗಳ ನಮ್ಮ ಹುಡುಗಿಯರಿಗೂ ಆ ಬಾಗಿಲು ತೆರೆದಿದೆ. ಹದಿನೆಂಟರಿಂದ ಮೂವತ್ತು ವಯಸ್ಸಿನ ಭಾರತೀಯ ಪದವೀಧರರು ಎರಡು ವರ್ಷ ಇದ್ದು ದುಡಿಯಬಹುದಾದ ಯೋಜನೆಯನ್ನು ಬ್ರಿಟನ್ 2023ರ ಫೆಬ್ರವರಿಯಲ್ಲಿ ಆರಂಭಿಸಿತು. ಆಸ್ಟ್ರೇಲಿಯ 2024ರಲ್ಲಿ ಅದೇ ವಯಸ್ಸಿನ ಭಾರತೀಯರಿಗೆ ವರ್ಷಕ್ಕೆ 1,000 'ಕೆಲಸ ಮತ್ತು ರಜೆ' ವೀಸಾಗಳನ್ನು ಚೀಟಿ ಎತ್ತಿ ಕೊಡುವುದಾಗಿ ಸಾರಿದಾಗ, ಎರಡೇ ವಾರದಲ್ಲಿ ಸುಮಾರು 40,000 ಅರ್ಜಿಗಳು ಬಂದವು. ಪರೀಕ್ಷೆಗೆ, ಸಂದರ್ಶನಕ್ಕೆ, ಓದಿಗೆ, ಕೆಲಸಕ್ಕೆ, ಯಾತ್ರೆಗೆ ಹೋಗುವವರು ಬೇರೆ. ಬೀಡಿ ಕಟ್ಟಿದ ಕೈಗಳು, ಚಹಾ ಸೊಪ್ಪು ಕಿತ್ತ ಕೈಗಳು ಸಾಲ ಮಾಡಿ ಈ ಮಕ್ಕಳನ್ನು ಓದಿಸಿವೆ. ಇವರು ದೊಡ್ಡ ಹೋಟೆಲಿನಲ್ಲಿ ಇಳಿಯಲಾರರು. ಒಂದು ಕೋಣೆಯಲ್ಲಿ ಆರೋ ಎಂಟೋ ಮಂದಿ, ಮೇಲೊಂದು ಕೆಳಗೊಂದು ಮಂಚ, ಮಂಚಕ್ಕಿಷ್ಟು ಬಾಡಿಗೆ ಎನ್ನುವ ಹಾಸ್ಟೆಲುಗಳೇ ಇವರಿಗೆ ಗತಿ.

ನಮ್ಮ ವಾದ ಇಷ್ಟೆ: ಆ ಅಗ್ಗದ ಮಂಚ ಸುರಕ್ಷಿತವಾಗಿರಬೇಕು, ಅದು ಅವಳ ಹಕ್ಕು. ಸುರಕ್ಷೆ ಎಂದರೆ ಅವಳನ್ನು ಒಳಗೆ ಹಾಕಿ ಬೀಗ ಜಡಿಯುವುದಲ್ಲ. ಬೀಗದ ಕೈ ಅವಳ ಕೈಯಲ್ಲಿರಬೇಕು. ಅದು ಏಜಂಟನ ಕೈಗೆ, ಧಣಿಯ ಕೈಗೆ, ವಾರ್ಡನ್ನಿನ ಕೈಗೆ ಹೋದಾಗಲೆಲ್ಲ ಹೆಣ್ಣುಮಕ್ಕಳು ಕೆಟ್ಟಿದ್ದಾರೆ.

ಜಾಗ್ರತೆಯೆಂಬ ತೆರಿಗೆ

'ಅವಳು ಜಾಗ್ರತೆಯಾಗಿದ್ದರೆ ಏನೂ ಆಗುವುದಿಲ್ಲ' ಎಂಬ ಮಾತನ್ನು ಮೊದಲು ತೆಗೆದುಕೊಳ್ಳೋಣ. ಈ ಮಾತಿನ ಹೊಟ್ಟೆಯೊಳಗೆ ಇನ್ನೊಂದು ಮಾತು ಅಡಗಿದೆ: ಏನಾದರೂ ಆದರೆ ಅದು ಅವಳ ಅಜಾಗ್ರತೆಯ ಫಲ. ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೈ ಸಿಕ್ಕಿದಾಗ ಮಾಲಿಕನು ಹೇಳುವುದೂ ಇದೇ ಮಾತು. ಯಂತ್ರಕ್ಕೆ ತಡೆ ಹಾಕಿರಲಿಲ್ಲವೆಂದು ಹೇಳುವುದಿಲ್ಲ, ಕೆಲಸಗಾರ ಎಚ್ಚರ ತಪ್ಪಿದನೆಂದು ಹೇಳುತ್ತಾನೆ. ಅಲ್ಲಿ ಒಪ್ಪದ ವಾದವನ್ನು ನಾವು ಇಲ್ಲೇಕೆ ಒಪ್ಪಬೇಕು?

ಜಾಗ್ರತೆಗೆ ಹಣ ಬೇಕು ಎಂಬುದನ್ನೂ ಬುದ್ಧಿ ಹೇಳುವವರು ಮರೆಯುತ್ತಾರೆ. ಕತ್ತಲಾದ ಮೇಲೆ ಗಂಡುಹುಡುಗ ನಡೆದು ಹೋಗುತ್ತಾನೆ, ಇವಳು ಟ್ಯಾಕ್ಸಿ ಹಿಡಿಯಬೇಕು. ಅವನು ನಡುರಾತ್ರಿ ಇಳಿಯುವ ಅಗ್ಗದ ವಿಮಾನಕ್ಕೆ ಟಿಕೆಟು ಮಾಡಿಸುತ್ತಾನೆ, ಇವಳು ಹಗಲಿನಲ್ಲಿ ಇಳಿಯುವ ದುಬಾರಿ ವಿಮಾನ ನೋಡಬೇಕು. ಅವನು ಎಲ್ಲರೂ ಮಲಗುವ ಕೋಣೆಯಲ್ಲಿ ಮಂಚ ಹಿಡಿಯುತ್ತಾನೆ, ಹೆಂಗಸರಿಗೆ ಮಾತ್ರ ಮೀಸಲಾದ ಕೋಣೆಯಲ್ಲಿ ಅದೇ ಅಗಲದ ಮಂಚಕ್ಕೆ ಎಷ್ಟೋ ಕಡೆ ಹೆಚ್ಚು ದರ. ಇದು ಭಯದ ಮೇಲೆ ಹಾಕಿದ ತೆರಿಗೆ. ಸಂಬಳ ಕಡಿಮೆ ಇರುವವಳೇ ಹೆಚ್ಚು ತೆರಿಗೆ ತೆರುತ್ತಾಳೆ, ತೆರಲಾಗದಿದ್ದರೆ ಅಪಾಯಕ್ಕೆ ಒಡ್ಡಿಕೊಳ್ಳುತ್ತಾಳೆ. ಆಮೇಲೆ ನಾವೆಲ್ಲ ಸೇರಿ ಅವಳನ್ನೇ ದೂರುತ್ತೇವೆ.

ಬೀಗ ಜಡಿದ ಕೋಣೆ

ಸುರಕ್ಷೆಗೆ ಗಟ್ಟಿ ಬೀಗ, ಕಿಟಕಿಗೆ ಸರಳು, ಎತ್ತರದ ಗೋಡೆ ಸಾಕೆಂದು ನಂಬುವವರೂ ಇದ್ದಾರೆ. ಅವರು ಆಸ್ಟ್ರೇಲಿಯದ ಚಿಲ್ಡರ್ಸ್ ಎಂಬ ಊರಿನ ಸಂಗತಿಯನ್ನು ತಿಳಿಯಬೇಕು. ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಈ ಸಣ್ಣ ಊರಿಗೆ ನಾನಾ ದೇಶಗಳ ತರುಣ ತರುಣಿಯರು ಹೊಲಗಳಲ್ಲಿ ಹಣ್ಣು ತರಕಾರಿ ಕೀಳುವ ಕೆಲಸಕ್ಕೆ ಬರುತ್ತಾರೆ. ಹಳೆಯ ಕಟ್ಟಡವೊಂದು ಅವರ ಅಗ್ಗದ ಹಾಸ್ಟೆಲಾಗಿತ್ತು. 2000ದ ಜೂನ್ 23ರಂದು ನಡುರಾತ್ರಿ ಕಳೆದ ಮೇಲೆ ಒಬ್ಬ ದುಷ್ಟನು ಅದಕ್ಕೆ ಬೆಂಕಿ ಇಟ್ಟ. ಹದಿನೈದು ಮಂದಿ ಸತ್ತರು, ಅವರಲ್ಲಿ ಒಂಬತ್ತು ಮಂದಿ ಹೆಣ್ಣುಮಕ್ಕಳು. ಬ್ರಿಟನ್, ಆಸ್ಟ್ರೇಲಿಯ, ಹಾಲೆಂಡ್, ಐರ್ಲೆಂಡ್, ಜಪಾನ್, ಕೊರಿಯಗಳಲ್ಲಿ ಮನೆಮನೆಗೆ ಸಾವಿನ ಸುದ್ದಿ ಹೋಯಿತು. ಬೆಂಕಿ ಇಟ್ಟವನಿಗೆ 2002ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಆದರೆ ಬೆಂಕಿ ಒಬ್ಬ ಇಟ್ಟದ್ದು, ಸಾವಿಗೆ ದಾರಿ ಮಾಡಿದ್ದು ಬೇರೆ. ಹೊಗೆ ಬಂದರೆ ಕೂಗಬೇಕಾದ ಗಂಟೆಗಳು ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ಮೇಲಂತಸ್ತಿನ ಕೋಣೆಯೊಂದರಲ್ಲಿ ಕಿಟಕಿಗೆ ಸರಳು ಹಾಕಿತ್ತು, ಹೊರಗೆ ಹೋಗಬಹುದಾಗಿದ್ದ ಬಾಗಿಲಿಗೆ ಮಂಚ ಅಡ್ಡ ಇಟ್ಟಿತ್ತು. ಇನ್ನೊಂದು ಮಂಚ ಹಿಡಿದರೆ ಇನ್ನೊಂದು ಬಾಡಿಗೆ! ಒಳಗೆ ಬರುವ ಕಳ್ಳನನ್ನು ತಡೆಯುವ ಸರಳು ಹೊರಗೆ ಓಡುವ ಮಕ್ಕಳನ್ನು ತಡೆಯಿತು. ಇದಾದ ಮೇಲೆ ಕ್ವೀನ್ಸ್‌ಲ್ಯಾಂಡ್ ಸರಕಾರ ಅಗ್ಗದ ತಂಗುದಾಣಗಳಿಗೆಂದೇ 2002ರಲ್ಲಿ ಬೆಂಕಿ ಸುರಕ್ಷೆಯ ಕಾನೂನು ತಂದಿತು. ಹದಿನೈದು ಹೆಣಗಳ ಮೇಲೆ ಬರೆದ ಕಾನೂನು ಅದು.

ಇದರಿಂದ ಎರಡು ಪಾಠ. ಅಗ್ಗವಾದದ್ದೆಲ್ಲ ಅಪಾಯವೆಂದು ಹೆದರಿಸುವವರಿಗೆ ನಾವು ಹೇಳುವುದು: ಅಪಾಯ ಇರುವುದು ಅಗ್ಗದಲ್ಲಿ ಅಲ್ಲ, ಕಾನೂನೂ ತನಿಖೆಯೂ ಇಲ್ಲದಲ್ಲಿ. ನಿಯಮವಿದ್ದು ಅದನ್ನು ನೋಡುವ ಅಧಿಕಾರಿ ಇದ್ದರೆ ಅಗ್ಗದ ಮಂಚವೂ ಸುರಕ್ಷಿತವೇ. ಬೀಗವನ್ನೇ ನಂಬಿದವರಿಗೆ ಹೇಳುವುದು: ಒಳಗಿದ್ದವಳು ಬೇಕೆಂದ ಕ್ಷಣ ಹೊರಗೆ ಬರಲಾಗದ ಕೋಣೆ ಎಷ್ಟು ಗಟ್ಟಿಯಾದರೂ ಸುರಕ್ಷಿತವಲ್ಲ. ಈ ಮಾತು ಬೆಂಕಿಗೆ ಮಾತ್ರ ಸಲ್ಲುವುದಲ್ಲ.

ಮಂಚವೂ ಕೂಲಿಯೂ ಒಂದೇ ಕೈಯಲ್ಲಿ

ವಯನಾಡಿನ ಪಾಡಿಗಳಲ್ಲಿ, ನೀಲಗಿರಿಯ ಲೈನುಮನೆಗಳಲ್ಲಿ ಬೆಳೆದವರಿಗೆ ಈ ಪಾಠವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕೂಲಿ ಕೊಡುವವನೇ ಸೂರು ಕೊಟ್ಟಾಗ, ಕೆಲಸ ಬಿಟ್ಟ ದಿನ ಸೂರೂ ಹೋಗುತ್ತದೆ. ಮುಷ್ಕರ ಮಾಡಿದವನ ಪಾತ್ರೆ ಪಡಗ ಅಂಗಳಕ್ಕೆ ಬೀಳುತ್ತದೆ. ಮಲಗುವ ಜಾಗದ ಭಯದಿಂದ ಬಾಯಿ ಮುಚ್ಚಿಕೊಂಡು ದುಡಿದ ತಲೆಮಾರುಗಳ ಕಥೆ ನಮ್ಮ ಮನೆಗಳಲ್ಲೇ ಇದೆ.

ಆಸ್ಟ್ರೇಲಿಯದ 'ಕೆಲಸದ ಹಾಸ್ಟೆಲು'ಗಳಲ್ಲಿ ಇದೇ ಕಂಗಾಣಿ ಪದ್ಧತಿ ಹೊಸ ಅಂಗಿ ತೊಟ್ಟು ನಿಂತಿದೆ. ಅಲ್ಲಿ ರಜೆ ವೀಸಾದ ಮೇಲೆ ಬಂದವರು ಎರಡನೆಯ ವರ್ಷವೂ ಉಳಿಯಬೇಕಾದರೆ ಸಾಮಾನ್ಯವಾಗಿ ಪಟ್ಟಣದಿಂದ ದೂರದ ಪ್ರದೇಶದಲ್ಲಿ ಮೂರು ತಿಂಗಳು ನಿಗದಿತ ಕೆಲಸ ಮಾಡಿದ್ದಕ್ಕೆ ಪುರಾವೆ ತೋರಿಸಬೇಕು. ಹಾಸ್ಟೆಲಿನವನು ಮಂಚ ಕೊಡುತ್ತಾನೆ, ಹೊಲದವನಿಗೆ ಆಳು ಒದಗಿಸುವವನೂ ಎಷ್ಟೋ ಕಡೆ ಅವನೇ, ಹೊಲಕ್ಕೆ ಒಯ್ಯುವ ವ್ಯಾನೂ ಅವನದೇ. ಮಂಚ ಬಿಟ್ಟರೆ ಕೆಲಸವಿಲ್ಲ, ಕೆಲಸ ಬಿಟ್ಟರೆ ಪುರಾವೆಯಿಲ್ಲ, ಪುರಾವೆ ಇಲ್ಲದಿದ್ದರೆ ವೀಸಾ ಇಲ್ಲ. ಹತ್ತಿರದ ಪಟ್ಟಣಕ್ಕೆ ಬಸ್ಸೂ ಇಲ್ಲದ ಊರಿನಲ್ಲಿ ಇಪ್ಪತ್ತೆರಡರ ಹುಡುಗಿಗೆ ಆ ಮನುಷ್ಯ ಕೆಟ್ಟ ಮಾತಾಡಿದರೆ ಅವಳು ಯಾರ ಹತ್ತಿರ ಹೇಳಬೇಕು? ಅಲ್ಲಿನ ಸರಕಾರದ ಕೂಲಿ ತನಿಖಾ ಕಚೇರಿಯೇ 2016ರಲ್ಲಿ ವಿಚಾರಿಸಿದಾಗ, ಇಂಥ ವೀಸಾದ ಮೇಲೆ ದುಡಿದವರಲ್ಲಿ ನೂರಕ್ಕೆ 35 ಮಂದಿ ತಮಗೆ ಕನಿಷ್ಠ ಕೂಲಿಯೂ ಸಿಗಲಿಲ್ಲವೆಂದು ಹೇಳಿದರು.

ಅದನ್ನು ಸರಿಪಡಿಸಿದ್ದು ಯಾರು? ಆಸ್ಟ್ರೇಲಿಯದ ಕಾರ್ಮಿಕ ಸಂಘ ಅಲ್ಲಿನ ಕೂಲಿ ಆಯೋಗದ ಮುಂದೆ ಹೋಯಿತು. ಬುಟ್ಟಿ ಲೆಕ್ಕದಲ್ಲಿ ಹಣ್ಣು ಕೀಳುವವರಿಗೂ ಗಂಟೆಗೆ ಇಷ್ಟೆಂಬ ಕನಿಷ್ಠ ಕೂಲಿ ಇರಬೇಕೆಂಬ ತೀರ್ಪು 2021ರ ನವೆಂಬರಿನಲ್ಲಿ ಬಂದು, 2022ರ ಏಪ್ರಿಲ್ 28ರಿಂದ ಜಾರಿಯಾಯಿತು. ಕೂಲಿ ಖಾತ್ರಿಯಾದವಳು ಕೆಟ್ಟ ಹಾಸ್ಟೆಲನ್ನು ಬಿಟ್ಟು ಬೇರೆ ಕಡೆ ಮಂಚ ಹಿಡಿಯಬಲ್ಲಳು. ಕೂಲಿಯ ಹೋರಾಟ ಬೇರೆ, ಹೆಂಗಸರ ಸುರಕ್ಷೆ ಬೇರೆ ಎಂದು ವಿಂಗಡಿಸುವ ನಮ್ಮ ಸಂಘದ ಗೆಳೆಯರು ಇದನ್ನು ಗಮನಿಸಲಿ.

ಜರ್ಮನಿಯಲ್ಲೂ ನಮಗೆ ಹಳೆಯ ಪಾಠವಿದೆ. 1960ರ ದಶಕದಿಂದ ಕೆಥೋಲಿಕ ಸಂಸ್ಥೆಗಳ ಮೂಲಕ ಕೇರಳದ ಸಾವಿರಾರು ಯುವತಿಯರು ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ಹೋದರು. ಎಷ್ಟೋ ಮಂದಿಗೆ ಆಸ್ಪತ್ರೆಯ ನರ್ಸುಗಳ ವಸತಿಗೃಹದಲ್ಲೇ ವಾಸ. 1970ರ ದಶಕದ ಕೊನೆಗೆ ನರ್ಸುಗಳ ಕೊರತೆ ನೀಗಿತೆಂದಾಗ ಹಲವರ ಪರವಾನಿಗೆಯನ್ನು ಮುಂದುವರಿಸಲಿಲ್ಲ. ಪರವಾನಿಗೆಯೊಡನೆ ಕೆಲಸ ಹೋಯಿತು, ಕೆಲಸದೊಡನೆ ಕೋಣೆಯೂ ಹೋಯಿತು. ಈಗ ಹೊರಡುವ ನಮ್ಮ ತಂಗಿಯರು 'ವಸತಿ ಉಚಿತ' ಎಂಬ ಸಾಲನ್ನು ಓದಿ ಹಿಗ್ಗುವ ಮೊದಲು ಒಂದು ಪ್ರಶ್ನೆ ಕೇಳಲಿ: ಕೆಲಸ ಬಿಟ್ಟರೆ ಎಷ್ಟು ದಿನ ಆ ಕೋಣೆಯಲ್ಲಿ ಇರಬಹುದು? ಉತ್ತರ ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ ಬೇಕು.

ಮನೆಗೆಲಸದವರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರ ಜೂನಿನಲ್ಲಿ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಧಣಿಯ ಮನೆಯಲ್ಲೇ ವಾಸಿಸಬೇಕೋ ಬೇಡವೋ ಎಂಬುದು ಇಬ್ಬರ ಒಪ್ಪಿಗೆಯಿಂದ ಆಗಬೇಕು, ಬಿಡುವಿನ ಹೊತ್ತಿನಲ್ಲಿ ಮನೆಯೊಳಗೇ ಇರೆಂದು ಬಲವಂತ ಮಾಡಬಾರದು, ಪಾಸ್‌ಪೋರ್ಟು ಮತ್ತು ಗುರುತಿನ ಕಾಗದ ಅವಳ ಕೈಯಲ್ಲೇ ಇರಬೇಕು ಎಂಬುದು ಅದರ ಒಂಬತ್ತನೆಯ ವಿಧಿಯ ಸಾರ. ಭಾರತದ ಪಾಸ್‌ಪೋರ್ಟು ಭಾರತ ಸರಕಾರದ ಆಸ್ತಿ. 'ಜೋಪಾನವಾಗಿ ಇಡುತ್ತೇನೆ ಕೊಡು' ಎನ್ನುವ ಧಣಿಗಾಗಲಿ ಹಾಸ್ಟೆಲಿನವನಿಗಾಗಲಿ ಅದನ್ನು ಇಟ್ಟುಕೊಳ್ಳುವ ಹಕ್ಕಿಲ್ಲ. ನೋಡಿ ಬರೆದುಕೊಂಡು ಹಿಂದೆ ಕೊಡಲಿ, ಬೇಕಾದರೆ ನಕಲು ತೆಗೆದುಕೊಳ್ಳಲಿ.

ವಾರ್ಡನ್ನಿನ ಗಂಟೆ

ಇನ್ನು ನಮ್ಮ ಸಭೆಗಳವರ ಮಾತು. 'ಹೆಣ್ಣುಮಕ್ಕಳಿಗೆ ನಮ್ಮ ಹಾಸ್ಟೆಲೇ ಕ್ಷೇಮ. ಎಂಟು ಗಂಟೆಗೆ ಗೇಟು ಹಾಕುತ್ತೇವೆ' ಎಂದು ಹೆಮ್ಮೆಪಡುವವರಿದ್ದಾರೆ. ಹಿಂದಿನವರು ಮಾಡಿದ್ದನ್ನು ನಾವು ಮರೆತಿಲ್ಲ. ಅಗ್ಗದ, ಭಯವಿಲ್ಲದ ವಸತಿಯೆಂಬುದು ಆಕಾಶದಿಂದ ಬಿದ್ದದ್ದಲ್ಲ, ಅದನ್ನು ಕಟ್ಟಿದವರಲ್ಲಿ ವಿಶ್ವಾಸಿ ಹೆಂಗಸರೇ ಮುಂದಾಳುಗಳು. 1855ರಲ್ಲಿ ಕ್ರಿಮಿಯದ ಯುದ್ಧಕ್ಕೆ ಶುಶ್ರೂಷೆಗೆ ಹೊರಟ ನರ್ಸುಗಳಿಗಾಗಿ ಮೇರಿ ಜೇನ್ ಕಿನ್ನೇರ್ಡ್ ಎಂಬಾಕೆ ಲಂಡನ್ನಿನಲ್ಲಿ ಒಂದು ಮನೆ ತೆರೆದಳು. ವೈ.ಡಬ್ಲ್ಯೂ.ಸಿ.ಎ. ಬೆಳೆದದ್ದು ಅಲ್ಲಿಂದ. 1875ರಲ್ಲಿ ಅದು ಮುಂಬಯಿಗೂ ಬಂತು. 1877ರಲ್ಲಿ ಜಿನೀವದಲ್ಲಿ 'ಹರೆಯದ ಹೆಣ್ಣುಮಕ್ಕಳ ಗೆಳತಿಯರು' ಎಂಬ ಅಂತರರಾಷ್ಟ್ರೀಯ ಕೂಟ ಹುಟ್ಟಿತು. ಹಳ್ಳಿಗಳಿಂದ ಬರ್ಲಿನ್ನಿಗೆ ಮನೆಗೆಲಸ ಹುಡುಕಿ ಬರುವ ಹುಡುಗಿಯರನ್ನು ನಿಲ್ದಾಣದಲ್ಲೇ ಮರುಳು ಮಾಡಿ ಒಯ್ಯುವ ದಲ್ಲಾಳಿಗಳಿದ್ದರು. ಅವರಿಗಿಂತ ಮೊದಲು ಆ ಹುಡುಗಿಯರ ಕೈ ಹಿಡಿಯಬೇಕೆಂದು 1894ರಲ್ಲಿ ಅಲ್ಲಿನ ಪ್ರಾಟೆಸ್ಟೆಂಟರು ರೈಲು ನಿಲ್ದಾಣದಲ್ಲೇ ಸೇವಾಕೇಂದ್ರ ಆರಂಭಿಸಿದರು. 1897ರಲ್ಲಿ ಎಲೆನ್ ಅಮ್ಮಾನ್ ಎಂಬ ಕೆಥೋಲಿಕ ಮಹಿಳೆ ಮ್ಯೂನಿಕ್ ನಿಲ್ದಾಣದಲ್ಲಿ ಅಂಥದನ್ನೇ ತೆರೆದಳು. ಇಂದೂ ಜರ್ಮನಿಯ ನೂರಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಈ ಕೇಂದ್ರಗಳಿವೆ. ಮತ ಕೇಳುವುದಿಲ್ಲ, ದುಡ್ಡು ಕೇಳುವುದಿಲ್ಲ. ದಾರಿ ತಪ್ಪಿದವರಿಗೆ ದಾರಿ, ಕೂರಲು ಜಾಗ, ಎಲ್ಲಿ ತಂಗಬಹುದೆಂಬ ಮಾತು ಅಲ್ಲಿ ಸಿಗುತ್ತದೆ. ಜರ್ಮನಿಗೆ ಹೊರಟಿರುವ ಪ್ರತಿಯೊಬ್ಬ ನರ್ಸಿಗೂ 'ಬಾನ್‌ಹೋಫ್ಸ್‌ಮಿಸ್ಸಿಯೋನ್' ಎಂಬ ಆ ಹೆಸರನ್ನು ಬರೆದುಕೊಟ್ಟು ಕಳುಹಿಸಬೇಕು.

ಆ ಹೆಂಗಸರು ಮಾಡಿದ ದೊಡ್ಡ ಕೆಲಸವೆಂದರೆ ಮನೆಯಲ್ಲಿ ಕುಳಿತು ಬುದ್ಧಿ ಹೇಳದೆ ನಿಲ್ದಾಣಕ್ಕೆ ಹೋಗಿ ನಿಂತದ್ದು. ಅದನ್ನು ನಾವು ತೆಗೆದುಕೊಳ್ಳೋಣ. ಆದರೆ ಇಂಥ ಎಷ್ಟೋ ಮನೆಗಳಲ್ಲಿ ಒಂದು ರೋಗವೂ ಬೆಳೆಯಿತು: ಹುಡುಗಿಯನ್ನು ಕಾಯುವ ಬದಲು ಹುಡುಗಿಯ ಹೆಸರನ್ನು ಕಾಯುವ ರೋಗ. ಎಂಟರ ನಂತರ ಬಂದವಳಿಗೆ ಬಾಗಿಲಿಲ್ಲ ಎಂದರೆ ಅರ್ಥವೇನು? ಎರಡನೆಯ ಪಾಳಿ ಮುಗಿಸಿ ಹತ್ತಕ್ಕೆ ಬರುವ ನರ್ಸು ಎಲ್ಲಿ ಹೋಗಬೇಕು? ವಿಮಾನ ತಡವಾಗಿ ಬಂದವಳು ಬೀದಿಯಲ್ಲಿ ನಿಲ್ಲಬೇಕೆ? ಅಪಾಯ ಇರುವುದು ಬೀದಿಯಲ್ಲಿ ಎಂದು ಹೇಳುವವರೇ ಅವಳನ್ನು ಬೀದಿಯಲ್ಲಿ ನಿಲ್ಲಿಸುತ್ತಾರೆ. ರೋಮಿನಲ್ಲಿ ಕನ್ಯಾಮಠಗಳ ಅತಿಥಿಗೃಹಗಳಿವೆ. ಶುಚಿ, ಅಗ್ಗ, ಒಳ್ಳೆಯವು. ಅವುಗಳಲ್ಲೂ ಹಲವು ಕಡೆ ರಾತ್ರಿ ಹತ್ತು ಹನ್ನೊಂದಕ್ಕೆ ಬಾಗಿಲು ಹಾಕುತ್ತಾರೆ. ಮೊದಲೇ ತಿಳಿದು ಹೋದರೆ ತೊಂದರೆಯಿಲ್ಲ, ತಿಳಿಯದೆ ಹೋದವಳಿಗೆ ಆ ಪವಿತ್ರ ಬಾಗಿಲೂ ಮುಚ್ಚಿದ ಬಾಗಿಲೇ. ರಾತ್ರಿ ಕಾವಲಿಗೆ ಒಬ್ಬ ಹೆಂಗಸನ್ನು ಸಂಬಳ ಕೊಟ್ಟು ಇಟ್ಟರೆ ಯಾವ ಗೇಟಿಗೂ ಗಂಟೆ ಬೇಕಾಗಿಲ್ಲ. ಆ ಸಂಬಳ ಉಳಿಸುವುದಕ್ಕೆ ಶಿಸ್ತು ಎಂದು ಹೆಸರಿಟ್ಟಿದ್ದಾರೆ.

ಸತ್ಯವೇದವನ್ನೇ ಮುಂದಿಟ್ಟು ಮಾತಾಡುವವರು ಪೌಲನು ರೋಮಾಪುರದವರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯವನ್ನು ತೆರೆಯಲಿ. ಕೆಂಕ್ರೆಯಿಂದ ಫೊಯಿಬೆ ಎಂಬ ಹೆಂಗಸು ಕಡಲು ದಾಟಿ ರೋಮಿಗೆ ಬರುತ್ತಿದ್ದಾಳೆ. ಅವಳು ಏಕೆ ಬಂದಳು, ಯಾರ ಜೊತೆ ಬಂದಳು, ಎಷ್ಟು ಹೊತ್ತಿಗೆ ಒಳಗೆ ಸೇರಿದಳು ಎಂದು ಅಪೊಸ್ತಲನು ವಿಚಾರಿಸಲಿಲ್ಲ. ಅವಳನ್ನು ಸೇರಿಸಿಕೊಳ್ಳಿರಿ, ಅವಳಿಗೆ ಬೇಕಾದದ್ದರಲ್ಲಿ ನೆರವಾಗಿರಿ ಎಂಬರ್ಥದಲ್ಲಿ ಆ ಊರಿನ ಸಭೆಗೆ ಬರೆದನು. ಬುದ್ಧಿವಾದ ಹೋದದ್ದು ಪ್ರಯಾಣ ಮಾಡುವವಳಿಗಲ್ಲ, ಊರಿನವರಿಗೆ. ಇಂದು ನಾವು ಅದನ್ನು ತಲೆಕೆಳಗು ಮಾಡಿದ್ದೇವೆ.

ಜಾಗವಿಲ್ಲ ಎನ್ನುವವರಿಗೆ ಇನ್ನೊಂದು ಮಾತು. 2025ರ ಜುಬಿಲಿ ವರ್ಷದಲ್ಲಿ, ಜುಲೈ ಕೊನೆಯಿಂದ ಆಗಸ್ಟ್ 3ರವರೆಗೆ, ಸುಮಾರು ಹತ್ತು ಲಕ್ಷ ಯುವಜನ ರೋಮಿನಲ್ಲಿ ಸೇರಿದರು. ಶಾಲೆಗಳು, ಧರ್ಮಕೇಂದ್ರಗಳ ಸಭಾಂಗಣಗಳು, ವ್ಯಾಯಾಮಶಾಲೆಗಳೆಲ್ಲ ಅವರಿಗೆ ಮಲಗುವ ಜಾಗಗಳಾದವು. ಹಬ್ಬಕ್ಕೆ ಲಕ್ಷಗಟ್ಟಲೆ ಜನರಿಗೆ ನೆಲ ಸಿಗುತ್ತದೆ. ಕೆಲಸಕ್ಕೆಂದು ಒಂಟಿಯಾಗಿ ಬಂದ ಹುಡುಗಿಗೆ ಎರಡು ರಾತ್ರಿ ಒಂದು ಮಂಚ ಸಿಗುವುದಿಲ್ಲವೆಂದರೆ ಕೊರತೆ ನೆಲದ್ದಲ್ಲ, ಮನಸ್ಸಿನದ್ದು.

ಹಾಸಿಗೆ ಹಾಸುವವಳು

ಆ ಕೋಣೆಯನ್ನು ಗುಡಿಸಿ, ಹಾಸಿಗೆ ಬದಲಿಸುವ ಹೆಂಗಸೂ ಇದ್ದಾಳೆ. ಅವಳೂ ಎಷ್ಟೋ ಸಲ ಬೇರೆ ದೇಶದಿಂದ ಬಂದವಳೇ. ಅವಳಿಗೆ ಸುರಕ್ಷೆಯಿಲ್ಲದ ಕಟ್ಟಡದಲ್ಲಿ ಅತಿಥಿ ಹುಡುಗಿಗೆ ಸುರಕ್ಷೆ ಎಲ್ಲಿಂದ ಬಂತು? ಅಮೆರಿಕದ ಷಿಕಾಗೋ ನಗರದಲ್ಲಿ ಹೋಟೆಲು ಕೆಲಸಗಾರರ ಸಂಘ 2016ರಲ್ಲಿ ಸುಮಾರು 500 ಮಂದಿ ಕೆಲಸದ ಹೆಂಗಸರನ್ನು ಕೇಳಿತು. ಹೋಟೆಲುಗಳಲ್ಲಿ ದುಡಿಯುವವರಲ್ಲಿ ನೂರಕ್ಕೆ 58 ಮಂದಿ ತಮ್ಮ ಮೇಲೆ ಅತಿಥಿಗಳಿಂದ ಲೈಂಗಿಕ ಕಿರುಕುಳವಾಗಿದೆ ಎಂದರು. ಸಂಘ ಸುಮ್ಮನಿರಲಿಲ್ಲ. 2017ರಲ್ಲಿ ನಗರಸಭೆ ಕಾನೂನು ಮಾಡಿ, ಕೋಣೆಗಳಲ್ಲಿ ಒಂಟಿಯಾಗಿ ಕೆಲಸ ಮಾಡುವ ಪ್ರತಿಯೊಬ್ಬಳ ಕೈಗೂ, ಒತ್ತಿದರೆ ಸಹಾಯ ಓಡಿ ಬರುವ ಗುಂಡಿಯೊಂದನ್ನು 2018ರ ಜುಲೈಯೊಳಗೆ ಕೊಡಬೇಕೆಂದು ವಿಧಿಸಿತು. ಆ ಗುಂಡಿ ಕೆಲಸದವಳನ್ನು ಕಾಯುತ್ತದೆ. ದೂರು ಕೊಟ್ಟ ಕೆಲಸದವಳನ್ನು ನಂಬಲು ಕಲಿತ ಹೋಟೆಲು ದೂರು ಕೊಟ್ಟ ಅತಿಥಿಯನ್ನೂ ನಂಬುತ್ತದೆ. ನಮ್ಮ ಹೆಣ್ಣುಮಕ್ಕಳು ಹೊರದೇಶದಲ್ಲಿ ಹಾಸಿಗೆ ಹಾಸುವವಳನ್ನು ಅಕ್ಕನೆಂದು ಕಾಣಲಿ. ಆ ಕಟ್ಟಡದ ನಿಜಸ್ಥಿತಿ ಅವಳಿಗೆ ಗೊತ್ತಿರುವಷ್ಟು ಯಾವ ಜಾಹೀರಾತಿಗೂ ಗೊತ್ತಿಲ್ಲ.

ಹೊರಡುವವರು ಕೇಳಬೇಕಾದದ್ದು

ಬರೀ ವಾದ ಮಾಡಿ ಬಿಡುವುದಿಲ್ಲ. ಹೊರಟಿರುವ ತಂಗಿಯರು ಇವಿಷ್ಟನ್ನು ಕೇಳಿ ನೋಡಲಿ.

ಮೊದಲ ಎರಡು ರಾತ್ರಿಯ ಜಾಗವನ್ನು ಇಲ್ಲಿಂದಲೇ ಗೊತ್ತು ಮಾಡಿಕೊಳ್ಳಿ. ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿರಲಿ. ಮಂಚದ ದರದ ಮೇಲೆ ಟ್ಯಾಕ್ಸಿಯ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿದರೆ ದೂರದ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ. ಉಳಿದ ದಿನಗಳ ಹಣವನ್ನು ನೋಡಿದ ಮೇಲೆ ಕಟ್ಟಿ.

ಮೊಬೈಲಿನಲ್ಲಿ ಜಾಗ ಕಾದಿರಿಸುವಾಗ ಹಿಂದೆ ಅಲ್ಲಿ ಉಳಿದವರು ಬರೆದದ್ದು ಸಿಗುತ್ತದೆ. ಒಂಟಿಯಾಗಿ ಉಳಿದ ಹೆಂಗಸರು ಇತ್ತೀಚೆಗೆ ಬರೆದದ್ದನ್ನು ಮೊದಲು ಓದಿ. ಚಿತ್ರಗಳನ್ನು ಆಮೇಲೆ ನೋಡಿ.

ಹೆಂಗಸರದೇ ಕೋಣೆ ಇದೆಯೇ, ರಾತ್ರಿಯಿಡೀ ಮುಂಬಾಗಿಲಲ್ಲಿ ಆಳು ಇರುತ್ತಾರೆಯೇ, ತಡವಾಗಿ ಬಂದರೆ ಬಾಗಿಲು ತೆರೆಯುತ್ತಾರೆಯೇ, ಸಾಮಾನಿಗೆ ಬೀಗ ಹಾಕುವ ಪೆಟ್ಟಿಗೆ ಇದೆಯೇ? ನಿಮ್ಮದೇ ಒಂದು ಸಣ್ಣ ಬೀಗ ಜೊತೆಗಿರಲಿ. ಕೋಣೆಯ ನಂಬರನ್ನು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದರೆ ಬೇರೆ ಕೋಣೆ ಕೇಳುವುದು ತಪ್ಪಲ್ಲ.

ಕೋಣೆಗೆ ಹೋದೊಡನೆ ಚೀಲ ಇಡುವ ಮೊದಲು ಹೊರಗೆ ಹೋಗುವ ಎರಡನೆಯ ದಾರಿ ಎಲ್ಲಿದೆಯೆಂದು ನೋಡಿ. ಆ ಬಾಗಿಲಿಗೆ ಬೀಗ ಜಡಿದಿದ್ದರೆ, ಮಂಚ ಅಡ್ಡವಿದ್ದರೆ, ಕಟ್ಟಿದ ಹಣ ಹೋದರೂ ಹೋಗಲಿ, ಅಲ್ಲಿ ಮಲಗಬೇಡಿ.

ಬಾಡಿಗೆಯೇ ಬೇಡ, ಬಂದು ಇರು ಎನ್ನುವ ಅಪರಿಚಿತನ ಕೋಣೆಗೆ ಹೋಗಬೇಡಿ. ಬೆಲೆ ಹೇಳದ ವಸ್ತುವಿನ ಬೆಲೆಯೇ ಹೆಚ್ಚು.

ಯುರೋಪಿನ ಒಕ್ಕೂಟದ ಎಲ್ಲ ದೇಶಗಳಲ್ಲೂ 112, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯದಲ್ಲಿ 000 ತುರ್ತು ಕರೆಯ ನಂಬರುಗಳು. ಕಾಗದದ ಮೇಲೂ ಬರೆದಿಟ್ಟುಕೊಳ್ಳಿ, ಮೊಬೈಲು ಕಳೆದುಹೋಗುವ ವಸ್ತು. ಸಂಕಟದಲ್ಲಿ ಸಿಕ್ಕವರಿಗೆ ಊಟ ವಸತಿ ಒದಗಿಸಲೆಂದೇ ನಮ್ಮ ರಾಯಭಾರಿ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಬೇಡುವುದೆಂದು ನಾಚಬೇಡಿ, ಅದು ನಿಮ್ಮದು.

ಉಳಿದವರು ಮಾಡಬೇಕಾದದ್ದು

ಹೊರಡುವವಳ ಪಟ್ಟಿ ಮುಗಿಯಿತು. ಆದರೆ ಅವಳಿಗೆ ಮಾತ್ರ ಪಟ್ಟಿ ಕೊಟ್ಟು ನಿಲ್ಲಿಸಿದರೆ ನಾವೂ ಆ ಬುದ್ಧಿ ಹೇಳುವವರ ಸಾಲಿಗೇ ಸೇರುತ್ತೇವೆ. ಆದ್ದರಿಂದ ಊರಿನಲ್ಲಿ ಉಳಿಯುವ ನಮ್ಮೆಲ್ಲರ ಮುಂದೆ ಈ ಬೇಡಿಕೆಗಳನ್ನು ಇಡುತ್ತೇವೆ.

ಒಂದು: ಪ್ರತಿ ಸಭೆಯೂ ಪ್ರತಿ ಸಂಘವೂ ಮೊದಲೆರಡು ರಾತ್ರಿಯ ನಿಧಿಯೊಂದನ್ನು ಕಟ್ಟಲಿ. ಹೊರಡುವ ಹುಡುಗಿಗೆ ಎರಡು ರಾತ್ರಿಯ ಬಾಡಿಗೆಯನ್ನು ಸಾಲವಾಗಿ ಕೊಡಲಿ, ಸಂಬಳ ಬಂದಾಗ ಅವಳು ತೀರಿಸುತ್ತಾಳೆ. ಬೀಳ್ಕೊಡುಗೆಯ ಶಾಲು ಹಾರಗಳ ಹಣ ಅದಕ್ಕೆ ಹೋಗಲಿ. ಜಾತಿ ಮತ ನೋಡುವುದು ಬೇಡ.

ಎರಡು: ಈಗಾಗಲೇ ಹೊರದೇಶದಲ್ಲಿರುವ ನಮ್ಮ ಹೆಣ್ಣುಮಕ್ಕಳಿಂದ ಅವರು ಉಳಿದ ಜಾಗಗಳ ವಿವರ ಬರೆಸಿ ತರಿಸೋಣ: ಎಲ್ಲಿ ಒಳ್ಳೆಯದು, ಎಲ್ಲಿ ಕೆಟ್ಟದ್ದು, ದರ ಎಷ್ಟು, ಬಾಗಿಲು ಎಷ್ಟು ಹೊತ್ತಿಗೆ. ಅದನ್ನು ಕನ್ನಡದಲ್ಲಿ ಹೊರಡುವವರ ಕೈಗೆ ಕೊಡೋಣ. ಗಡಿಯಾಚೆಯ ನಮಗೆ ಸರಕಾರದ ಪ್ರಕಟಣೆ ಮಲೆಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಬರುತ್ತದೆ, ಕರಾರುಪತ್ರ ಇಂಗ್ಲಿಷಿನಲ್ಲಿ. ಓದಲಾಗದ ಕಾಗದಕ್ಕೆ ಸಹಿ ಹಾಕಿ ಹೋದವಳಿಗೆ ವಸತಿಯ ಷರತ್ತು ಗೊತ್ತಾಗುವುದು ಬಾಗಿಲು ಮುಚ್ಚಿದ ಮೇಲೆ.

ಮೂರು: ಫೊಯಿಬೆಗೆ ಸಿಕ್ಕಂಥ ಪತ್ರ ಪ್ರತಿಯೊಬ್ಬಳಿಗೂ ಸಿಗಲಿ. ನಡತೆ ಪ್ರಮಾಣಪತ್ರ ಬೇಡ. ಹೋಗುವ ಊರಿನ ಸಭೆಗೆ, ಸಂಘಕ್ಕೆ ಮೊದಲೇ ಬರೆದು, ಇಂಥ ದಿನ ಇಂಥ ಹೊತ್ತಿಗೆ ಬರುತ್ತಾಳೆ, ನಿಲ್ದಾಣಕ್ಕೆ ಒಬ್ಬ ಹೆಂಗಸು ಬರಲಿ ಎಂದು ಕೇಳುವ ಪತ್ರ.

ನಾಲ್ಕು: ನಮ್ಮ ಸ್ವಂತ ಹಾಸ್ಟೆಲುಗಳಿಂದ ಆರಂಭಿಸೋಣ. ಗೇಟಿನ ಗಂಟೆ ತೆಗೆದು ರಾತ್ರಿ ಕಾವಲಿನ ಹೆಂಗಸನ್ನು ನ್ಯಾಯವಾದ ಸಂಬಳಕ್ಕೆ ನೇಮಿಸಲಿ. ಬೇರೆ ರಾಜ್ಯಗಳಿಂದ ನಮ್ಮಲ್ಲಿಗೆ ದುಡಿಯಲು ಬಂದಿರುವ ಹುಡುಗಿಯರಿಗೂ ಅಲ್ಲಿ ಮಂಚ ಸಿಗಲಿ. ಇಲ್ಲಿ ಬಾಗಿಲು ಮುಚ್ಚಿಟ್ಟು, ನಮ್ಮ ಮಗಳಿಗೆ ಬರ್ಲಿನ್ನಿನಲ್ಲಿ ಬಾಗಿಲು ತೆರೆಯಲಿ ಎಂದು ಪ್ರಾರ್ಥಿಸಲು ನಮಗೆ ಮುಖವಿಲ್ಲ.

ಇದನ್ನು ಮಾಡಲು ಹಣ ಬೇಕು, ಅದು ಬಹಳ ದೊಡ್ಡ ಹಣವಲ್ಲ. ಬೇಕಾದ ಇನ್ನೊಂದು, ಹೆಣ್ಣುಮಕ್ಕಳು ಹೋಗುತ್ತಾರೆ, ಹೋಗಲು ಅವರಿಗೆ ಹಕ್ಕಿದೆ ಎಂದು ಒಪ್ಪುವ ಮನಸ್ಸು. ಹೋಗಬೇಡವೆಂದು ತಡೆಯಲು ಆಗದವರು ಹೆದರಿಸಿ ಕಳುಹಿಸುತ್ತಾರೆ. ಹೆದರಿ ಹೋದವಳು ಮೊದಲು ಕೈ ಚಾಚಿದವನನ್ನೇ ನಂಬುತ್ತಾಳೆ, ದಲ್ಲಾಳಿಗೆ ಬೇಕಾದದ್ದೂ ಅದೇ. ಹಣವೂ ವಿಳಾಸವೂ ಜೊತೆಗಿದ್ದು, ಹಿಂದೆ ನೂರು ಮಂದಿ ಇದ್ದಾರೆಂದು ತಿಳಿದು ಹೋದವಳು ಕೆಟ್ಟ ಕೋಣೆಯ ಬಾಗಿಲಲ್ಲೇ ನಿಂತು 'ಬೇಡ' ಎನ್ನಬಲ್ಲಳು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಊರಿನಿಂದ ಈ ವರ್ಷ ಹೊರಡುವ ಹುಡುಗಿಯರು ಎಷ್ಟು ಮಂದಿ ಎಂದು ಲೆಕ್ಕ ತೆಗೆಯಿರಿ. ಬುದ್ಧಿ ಹೇಳುವ ಮೊದಲು, ಇಳಿದ ರಾತ್ರಿ ಎಲ್ಲಿ ಮಲಗುತ್ತೀ ಮಗಳೇ ಎಂದು ಕೇಳಿರಿ. ಉತ್ತರ ಅವಳಿಗೆ ಗೊತ್ತಿಲ್ಲದಿದ್ದರೆ ಅದನ್ನು ಹುಡುಕಿಕೊಡುವ ಕೆಲಸ ನಿಮ್ಮದು, ನಮ್ಮದು.